ಕರಿದ ಎಣ್ಣೆಯ ಕಡೆಯ ಗತಿ

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಜೈನ ಗೃಹಸ್ಥನ ನಿತ್ಯಾಚಾರವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಆ ಆಚಾರದ ಉತ್ತರಾರ್ಧವನ್ನು ನೆನೆಯುವವರು ಕಡಿಮೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಯಾವ ಬಾವಿಯಿಂದ ನೀರು ಬಂದಿತೋ ಅದೇ ಬಾವಿಗೆ ಮರಳಿಸಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಕುಡಿಯುವ ನೀರು ಶುದ್ಧವಾದರೆ ಸಾಲದು, ಬಟ್ಟೆಯಲ್ಲಿ ಉಳಿದುದರ ಗತಿಯೂ ಶ್ರಾವಕನ ಹೊಣೆಯೇ ಎಂಬುದು ಇದರ ತಾತ್ಪರ್ಯ. ಅಡುಗೆಮನೆಯೊಳಕ್ಕೆ ಬರುವ ಪದಾರ್ಥಗಳ ವಿಚಾರದಲ್ಲಿ ಜೈನ ಸಮಾಜ ತೋರುವ ಎಚ್ಚರ ಲೋಕಪ್ರಸಿದ್ಧ. ಅಡುಗೆಮನೆಯಿಂದ ಹೊರಕ್ಕೆ ಹೋಗುವ ಪದಾರ್ಥಗಳ ವಿಚಾರದಲ್ಲಿ ಅಷ್ಟೇ ಎಚ್ಚರವಿದೆಯೇ ಎಂಬುದು ಕೇಳಿಕೊಳ್ಳಬೇಕಾದ ಪ್ರಶ್ನೆ. ಕರಿದು ಉಳಿದ ಎಣ್ಣೆಯನ್ನು ನಿದರ್ಶನವಾಗಿ ತೆಗೆದುಕೊಂಡರೆ ಈ ಪ್ರಶ್ನೆಯ ಆಳ ತಿಳಿಯುತ್ತದೆ.

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ, ಅದರ ಸುತ್ತಣ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸೀಮೆ ಎಣ್ಣೆಕಾಳಿನ ಸೀಮೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಈ ತಾಲ್ಲೂಕುಗಳೆಲ್ಲ ಸೇರಿವೆ. ಮಸಾರಿ ಹೊಲಗಳಲ್ಲಿ ಶೇಂಗಾ, ಎರೆ ಹೊಲಗಳಲ್ಲಿ ಜೋಳ, ಹತ್ತಿ, ಸೂರ್ಯಕಾಂತಿ ಬೆಳೆಯುತ್ತ ಬಂದ ನೆಲವಿದು. ಈಚಿನ ದಶಕಗಳಲ್ಲಿ ಮೆಕ್ಕೆಜೋಳ ಹೆಚ್ಚಿದೆಯಾದರೂ ಎಣ್ಣೆಯ ನಂಟು ಕಳಚಿಲ್ಲ. ಸಂಜೆಯಾಯಿತೆಂದರೆ ಊರೂರಿನ ಬಸ್ ನಿಲ್ದಾಣದ ಬಳಿ ಮಂಡಕ್ಕಿ ಒಗ್ಗರಣೆಯ ಜೊತೆಗೆ ಮೆಣಸಿನಕಾಯಿ ಬಜ್ಜಿ ಕರಿಯುವ ಬಾಣಲೆಗಳು ಒಲೆಯೇರುತ್ತವೆ. ಮೈಲಾರದ ಜಾತ್ರೆ, ಕೊಟ್ಟೂರಿನ ತೇರುಗಳ ದಿನಗಳಲ್ಲಿ ಆ ಬಾಣಲೆಗಳ ಸಾಲು ಬೀದಿಯುದ್ದಕ್ಕೂ ಹಬ್ಬುತ್ತದೆ. ಮನೆಗಳಲ್ಲಿ ಹಬ್ಬಕ್ಕೆ ಪೂರಿ, ಕರ್ಚಿಕಾಯಿ, ಚಕ್ಕುಲಿ. ಎಲ್ಲಿಯ ಬಸದಿಯೇ ಆಗಲಿ, ವಾರ್ಷಿಕೋತ್ಸವವಿದ್ದಾಗ ನೂರಾರು ಜನರ ಊಟಕ್ಕೆ ಕರಿಯುವ ಕೆಲಸ ಇದ್ದೇ ಇರುತ್ತದೆ. ಉತ್ಸವ ಮುಗಿದ ಮರುದಿನ ಪಾತ್ರೆಗಳನ್ನು ತೊಳೆದಿಡುವಾಗ ಮೂಲೆಯಲ್ಲಿ ಕಪ್ಪಗಾದ ಎಣ್ಣೆಯ ಡಬ್ಬವೊಂದೋ ಎರಡೋ ಉಳಿದಿರುತ್ತವೆ. ಅವುಗಳನ್ನು ಏನು ಮಾಡಬೇಕೆಂದು ಯಾವ ಆಮಂತ್ರಣ ಪತ್ರಿಕೆಯಲ್ಲಿಯೂ ಬರೆದಿರುವುದಿಲ್ಲ.

ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರ ಸ್ವಭಾವವೇ ಬದಲಾಗುತ್ತದೆ. ಗಾಳಿ, ಶಾಖ, ಕರಿಯುವ ಹಿಟ್ಟಿನ ನೀರಿನಂಶ ಇವು ಮೂರೂ ಸೇರಿ ಎಣ್ಣೆಯನ್ನು ಒಡೆಯುತ್ತವೆ. ಬಣ್ಣ ಕಪ್ಪಾಗುತ್ತದೆ, ನೊರೆ ಏಳುತ್ತದೆ, ಹೊಗೆ ಬೇಗನೆ ಬರುತ್ತದೆ, ದೇಹಕ್ಕೆ ಕೇಡಾಗುವ ಸಂಯುಕ್ತಗಳು ಹೆಚ್ಚುತ್ತವೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಈ ಸಂಯುಕ್ತಗಳ ಮೊತ್ತ ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಆಹಾರಕ್ಕೆ ಬಳಸಕೂಡದೆಂಬ ನಿಯಮವನ್ನು 2018ರ ಜುಲೈ 1ರಿಂದ ಜಾರಿಗೆ ತಂದಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವ ಉದ್ದಿಮೆಗಳು 2019ರ ಮಾರ್ಚ್ 1ರಿಂದ ಬಳಸಿದ ಎಣ್ಣೆಯ ಲೆಕ್ಕವಿಟ್ಟು, ಅದನ್ನು ನೋಂದಾಯಿತ ಸಂಗ್ರಾಹಕರಿಗೇ ಒಪ್ಪಿಸಬೇಕೆಂಬ ವಿಧಿಯೂ ಬಂದಿತು. ಜೈನಾಚಾರಕ್ಕೆ ಈ ವಿಚಾರ ಹೊಸದಲ್ಲ. ರಸ ಕೆಟ್ಟು ರೂಪಾಂತರ ಹೊಂದಿದ ಪದಾರ್ಥವನ್ನು ಚಲಿತರಸವೆಂದು ಕರೆದು ಅಭಕ್ಷ್ಯಗಳ ಸಾಲಿಗೆ ಸೇರಿಸಿದವರು ಪೂರ್ವಾಚಾರ್ಯರು. ಪ್ರಯೋಗಶಾಲೆ ಉಪಕರಣದಿಂದ ಅಳೆಯುವುದನ್ನು ಅವರು ಬಣ್ಣ, ವಾಸನೆ, ರುಚಿಗಳಿಂದ ಅಳೆದರು.

ಅಭಕ್ಷ್ಯವಾದ ಎಣ್ಣೆ ಸಾಮಾನ್ಯವಾಗಿ ಹಿಡಿಯುವ ದಾರಿಗಳು ಮೂರು. ಮೊದಲನೆಯದು ಚರಂಡಿ. ಅಲ್ಲಿ ಅದು ನೀರಿನ ಮೇಲೆ ಪದರವಾಗಿ ಹರಡಿ ಗಾಳಿಯನ್ನು ತಡೆಯುತ್ತದೆ. ಇರುವೆ ಹುಳುಗಳು ಅಂಟಿಕೊಂಡು ಸಾಯುತ್ತವೆ. ಹಳ್ಳ ಸೇರಿದರೆ ಜಲಚರಗಳಿಗೆ ಕಂಟಕವಾಗುತ್ತದೆ. ಎರಡನೆಯದು ಮಾರಾಟ. ಅಗ್ಗಕ್ಕೆ ಕೊಂಡವರು ಅದನ್ನು ಮತ್ತೆ ಒಲೆಯ ಮೇಲಿಡುವ ಸಂಭವ ಇದ್ದೇ ಇದೆ. ಮೂರನೆಯದು ದಾನ. “ಎಸೆಯುವುದೇಕೆ, ಯಾರಾದರೂ ಬಡವರು ಬಳಸಿಕೊಳ್ಳಲಿ” ಎಂಬ ಮಾತು ಕೇಳಲು ಕರುಣೆಯಂತಿದೆ. ಆದರೆ ತನ್ನ ಮನೆಯ ಮಕ್ಕಳಿಗೆ ಬಡಿಸಲೊಲ್ಲದ ಎಣ್ಣೆಯನ್ನು ಕೂಲಿಯವನ ಮನೆಯ ಮಕ್ಕಳಿಗೆ ಕಳುಹಿಸುವುದನ್ನು ಆಹಾರದಾನವೆಂದು ಕರೆಯಲು ಯಾವ ಶಾಸ್ತ್ರವೂ ಒಪ್ಪದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುವಾಗ, ಹಿಂಸೆಯ ಸಾಧನಗಳನ್ನು ಇತರರ ಕೈಗೆ ಕೊಡುವ ಹಿಂಸಾದಾನವನ್ನೂ, ನಿಷ್ಕಾರಣವಾಗಿ ನೆಲ, ನೀರು, ಬೆಂಕಿ, ಗಾಳಿ, ಸಸ್ಯಗಳಿಗೆ ಹಾನಿಮಾಡುವ ಪ್ರಮಾದಚರ್ಯೆಯನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಚರಂಡಿಗೆ ಸುರಿದ ಎಣ್ಣೆ ಪ್ರಮಾದಚರ್ಯೆ. ಬಡವನ ಬಾಣಲೆಗೆ ಕಳುಹಿಸಿದ ಎಣ್ಣೆ ಹಿಂಸಾದಾನಕ್ಕೆ ಬಹು ಸಮೀಪ.

ಈ ಮೂರನ್ನೂ ಬಿಟ್ಟ ಮೇಲೆ ಉಳಿಯುವ ದಾರಿಗಳಲ್ಲಿ ಒಂದು, ಎಣ್ಣೆಯನ್ನು ಇಂಜಿನ್ನಿನ ಇಂಧನವಾಗಿಸುವುದು. ಇದಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್ ರೂಪಿಸಿದ ಬಗೆಯ ಪುಟ್ಟ ಇಂಜಿನ್ನೊಂದು ಓಡಿದ್ದು ಶೇಂಗಾ ಎಣ್ಣೆಯಿಂದ. ಹಡಗಲಿ ಸೀಮೆಯ ರೈತ ಬೆಳೆಯುವ ಅದೇ ಶೇಂಗಾ. ಆದರೆ ಎಣ್ಣೆ ದಪ್ಪವಾದ ದ್ರವವಾದುದರಿಂದ ಬಹುಕಾಲ ಬಳಸಿದರೆ ಇಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಈ ತೊಡಕನ್ನು ನೀಗಲು ಬ್ರಸೆಲ್ಸ್ ವಿಶ್ವವಿದ್ಯಾಲಯದ ಶವಾನ್ ಎಂಬ ವಿಜ್ಞಾನಿ ತಾಳೆ ಎಣ್ಣೆಯನ್ನು ಮದ್ಯಸಾರದೊಡನೆ ಬೆರೆಸಿ ತೆಳುವಾದ ಇಂಧನವಾಗಿಸುವ ವಿಧಾನಕ್ಕೆ 1937ರಲ್ಲಿ ಪೇಟೆಂಟ್ ಪಡೆದರು. ಇಂದು ಬಯೋಡೀಸೆಲ್ ಎಂದು ಕರೆಯುವುದು ಈ ಬಗೆಯ ಇಂಧನವನ್ನೇ.

ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಗೆ ಹಳ್ಳಿಗಳಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ, ಆ ವಿದ್ಯುತ್ತಿನಿಂದ ನೀರೆತ್ತುವ ಪ್ರಯೋಗ ನಡೆಸಿದರು. ರಾಜ್ಯ ಸರ್ಕಾರ 2009ರಲ್ಲಿ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಬರಡು ಬಂಗಾರ, ಹಸಿರು ಹೊನ್ನು ಎಂಬ ಹೆಸರಿನ ಯೋಜನೆಗಳಲ್ಲಿ ಹೊಂಗೆ, ಬೇವು, ಹಿಪ್ಪೆ ಮೊದಲಾದ ಮರಗಳನ್ನು ನೆಡುವ ಕೆಲಸ ನಡೆಯಿತು. ತಿನ್ನಲು ಬಾರದ ಎಣ್ಣೆಯನ್ನು ಆರಿಸಿಕೊಂಡದ್ದು ಈ ಪ್ರಯತ್ನಗಳ ವಿವೇಕ. ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸಿಕೊಳ್ಳುವ ದೇಶ ಹಸಿದವನ ಅನ್ನದೆಣ್ಣೆಯನ್ನು ಇಂಜಿನ್ನಿಗೆ ಸುರಿಯುವುದು ನ್ಯಾಯವಲ್ಲ. ಕರಿದು ಕೆಟ್ಟ ಎಣ್ಣೆಗೆ ಈ ಆಕ್ಷೇಪ ತಾಗದು. ಅದರಿಂದಾಗುವ ಇಂಧನಕ್ಕಾಗಿ ಹೊಸದಾಗಿ ಹೊಲ ಉಳಬೇಕಿಲ್ಲ, ಕಾಳು ಅರೆಯಬೇಕಿಲ್ಲ.

ತಯಾರಿಕೆಯ ತತ್ತ್ವ ಸರಳವಾದುದು. ಎಣ್ಣೆಯ ಒಂದೊಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಗ್ಲಿಸರಿನ್ನಿಗೆ ಕಟ್ಟಿಬಿದ್ದಿರುತ್ತವೆ. ಮೆಥನಾಲ್ ಎಂಬ ದ್ರವವನ್ನು ಸೇರಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಲಕಿದರೆ ಆ ಮೂರೂ ಗ್ಲಿಸರಿನ್ನಿನಿಂದ ಬಿಡಿಸಿಕೊಂಡು ಮೆಥನಾಲನ್ನು ಸೇರುತ್ತವೆ. 100 ಕಿಲೋ ಎಣ್ಣೆಗೆ ಸುಮಾರು 11 ಕಿಲೋ ಮೆಥನಾಲ್ ಕೂಡಿದರೆ, ಲೆಕ್ಕದ ಪ್ರಕಾರ ಸುಮಾರು 100 ಕಿಲೋ ಬಯೋಡೀಸೆಲ್ಲೂ ಹತ್ತು ಕಿಲೋವಿನಷ್ಟು ಗ್ಲಿಸರಿನ್ನೂ ದೊರೆಯುತ್ತವೆ. ಗ್ಲಿಸರಿನ್ ಭಾರವಾದುದರಿಂದ ತಳಕ್ಕಿಳಿಯುತ್ತದೆ, ಇಂಧನ ಮೇಲೆ ನಿಲ್ಲುತ್ತದೆ. ಆದರೆ ಇವೆರಡನ್ನು ಬೆರೆಸಿದ ಮಾತ್ರಕ್ಕೆ ಕ್ರಿಯೆ ಬೇಗನೆ ನಡೆಯದು. ಅದನ್ನು ಚುರುಕುಗೊಳಿಸಲು ಒಂದು ಕ್ಷಾರ ಬೇಕು. ತಾನು ವ್ಯಯವಾಗದೆ ಕ್ರಿಯೆಯನ್ನು ನಡೆಸಿಕೊಡುವ ಇಂಥ ಪದಾರ್ಥಕ್ಕೆ ವೇಗವರ್ಧಕವೆಂದು ಹೆಸರು. ಕಾರ್ಖಾನೆಗಳು ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಅಥವಾ ಕಾಸ್ಟಿಕ್ ಪೊಟ್ಯಾಷ್ ಬಳಸುತ್ತವೆ. ಇವು ಇಂಧನದಲ್ಲಿ ಕರಗಿ ಉಳಿಯುವುದರಿಂದ ಅದನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕಾಗುತ್ತದೆ. ಆ ತೊಳೆದ ನೀರು ಮತ್ತೊಂದು ತ್ಯಾಜ್ಯ.

ಈ ತೊಡಕಿಗೆ ಪರಿಹಾರ ಹುಡುಕಿದ ವಿಜ್ಞಾನಿಗಳ ದೃಷ್ಟಿ ಕಸದ ಕಡೆಗೆ ಹೊರಳಿತು. ಕಸದಿಂದಲೇ ವೇಗವರ್ಧಕವನ್ನು ಪಡೆದರೆ ಖರ್ಚೂ ಕಡಿಮೆ, ಕಸವೂ ಕಡಿಮೆ. ಹೀಗೆ ಹುಡುಕಿದವರ ಕಣ್ಣಿಗೆ ಬಿದ್ದ ಪದಾರ್ಥಗಳಲ್ಲಿ ಮುಖ್ಯವಾದದ್ದು ಮೊಟ್ಟೆಯ ಚಿಪ್ಪು. 2009ರಲ್ಲಿ ಚೀನಾದ ಸಂಶೋಧಕರು ಇದನ್ನು ಕುರಿತು ಪ್ರಕಟಿಸಿದ ಪ್ರಬಂಧದ ಬಳಿಕ ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ಇಂಥ ಪ್ರಯೋಗಗಳಾದವು. ಮೂಳೆ, ಬಸವನಹುಳುವಿನ ಚಿಪ್ಪು, ಏಡಿಯ ಕವಚಗಳನ್ನೂ ಪರೀಕ್ಷಿಸಿದರು. ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. 900 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಅದು ಸುಟ್ಟ ಸುಣ್ಣವಾಗುತ್ತದೆ. ಸುಣ್ಣ ಇಂಧನದಲ್ಲಿ ಹೆಚ್ಚು ಕರಗದು. ಸೋಸಿ ತೆಗೆದು ಕೆಲವು ಸಲ ಮರಳಿ ಬಳಸಬಹುದು, ತೊಳೆಯುವ ನೀರೂ ಉಳಿಯುತ್ತದೆ.

ಇಲ್ಲಿ ಶ್ರಾವಕನ ಮನಸ್ಸು ತಡೆದು ನಿಲ್ಲುತ್ತದೆ. ಮೊಟ್ಟೆ ಜೈನನಿಗೆ ವರ್ಜ್ಯ. ಆದರೆ ಹೋಟೆಲಿನವನು ಬೀದಿಗೆ ಎಸೆದ ಚಿಪ್ಪು? ಅದು ಯಾರಿಗಾಗಿಯೂ ಒಡೆದದ್ದಲ್ಲ. ಹಾಗೆಯೇ ಬಿಟ್ಟರೆ ಕೊಳೆಯುವುದು. ಅದರಿಂದ ಡೀಸೆಲ್ಲಿನ ಹೊಗೆ ಕಡಿಮೆಯಾಗುವುದಾದರೆ ಆಕ್ಷೇಪವೇನು ಎಂದು ಒಬ್ಬರು ಕೇಳಬಹುದು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ತಳ್ಳಿಹಾಕುವ ಆತುರವೂ ಬೇಡ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ತಾನಾಗಿಯೇ ಸತ್ತ ಎಮ್ಮೆ ಎತ್ತುಗಳ ಮಾಂಸವಾದರೆ ದೋಷವಿಲ್ಲವಲ್ಲ ಎಂಬ ಇಂಥದೇ ಒಂದು ಪ್ರಶ್ನೆಯನ್ನು ಎತ್ತಿಕೊಂಡು, ಆ ಮಾಂಸವನ್ನು ಆಶ್ರಯಿಸಿದ ನಿಗೋದ ಜೀವಗಳ ಘಾತವಾಗುವುದರಿಂದ ಅಲ್ಲಿಯೂ ಹಿಂಸೆಯಿದೆಯೆಂದು ಉತ್ತರಿಸುತ್ತಾರೆ. ಪ್ರಾಮಾಣಿಕವಾಗಿ ನೋಡಿದರೆ ಆ ಉತ್ತರ ಸುಟ್ಟು ಸುಣ್ಣವಾದ ಚಿಪ್ಪಿಗೆ ನೇರವಾಗಿ ಅನ್ವಯಿಸದು. ಅದನ್ನು ತಿನ್ನುವ ಮಾತೂ ಇಲ್ಲ, ಅದರಲ್ಲಿ ಮಾಂಸದ ಅಂಶವೂ ಇಲ್ಲ. ಆದುದರಿಂದ ಉತ್ತರವನ್ನು ಬೇರೆಡೆ ಹುಡುಕಬೇಕು.

ಆ ಉತ್ತರ ಕೃತ, ಕಾರಿತ, ಅನುಮೋದನವೆಂಬ ಮೂರು ಮಾತುಗಳಲ್ಲಿದೆ. ತಾನು ಮಾಡುವುದು, ಮಾಡಿಸುವುದು, ಮಾಡಿದುದನ್ನು ಒಪ್ಪುವುದು ಈ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುತ್ತದೆಂಬುದು ಜಿನಾಗಮದ ಸಿದ್ಧಾಂತ. ಬೀದಿಯಲ್ಲಿ ಬಿದ್ದ ಚಿಪ್ಪನ್ನು ಒಮ್ಮೆ ಎತ್ತಿಕೊಂಡವನು ಈ ಮೂರರಲ್ಲಿ ಯಾವುದನ್ನೂ ಮಾಡಿದಂತೆ ತೋರದು. ಆದರೆ ಕಾರ್ಖಾನೆ ಒಮ್ಮೆ ಮಾತ್ರ ಎತ್ತಿಕೊಳ್ಳುವುದಿಲ್ಲ. ಅದಕ್ಕೆ ದಿನವೂ ಚಿಪ್ಪು ಬೇಕು. ದಿನವೂ ಬೇಕಾದುದಕ್ಕೆ ಕರಾರು ಬೇಕು. ಕರಾರಿಗೆ ದರ ಬೇಕು. ದರ ನಿಗದಿಯಾದ ದಿನವೇ ಅದು ತ್ಯಾಜ್ಯವಾಗಿ ಉಳಿಯದೆ ಸರಕಾಗುತ್ತದೆ, ಕೋಳಿಸಾಕಣೆಯ ಲಾಭದ ಒಂದು ಬಾಬ್ತಾಗುತ್ತದೆ. ಕೊಂಡವನು ಆ ಉದ್ದಿಮೆ ಚೆನ್ನಾಗಿ ನಡೆಯಲೆಂದು ತಿಳಿದೋ ತಿಳಿಯದೆಯೋ ಹಾರೈಸುವವನಾಗುತ್ತಾನೆ. ಅನುಮೋದನವೆಂದರೆ ಇದೇ. ಬೆಲೆಯಿಲ್ಲದಾಗ ನಿರ್ದೋಷವಾಗಿ ಕಂಡ ವಸ್ತು ಬೆಲೆ ಬಂದಾಗ ದೋಷಕ್ಕೆ ಪಾಲುದಾರನನ್ನಾಗಿಸುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಚಿಪ್ಪಿನಿಂದ ದೊರೆಯುವುದು ಸುಣ್ಣವೇ ಹೊರತು ಬೇರೆ ವಿಶೇಷವೇನಲ್ಲ. ಗೋಡೆಗೆ ಬಳಿಯುವ, ಎಲೆಯಡಿಕೆಗೆ ಹಚ್ಚುವ ಕಲ್ಲುಸುಣ್ಣವೂ ಮೂಲದಲ್ಲಿ ಅದೇ ವಸ್ತು. ಅಂದಮೇಲೆ ವಿಜ್ಞಾನಕ್ಕೆ ಬೇಕಾದುದು ಸುಣ್ಣ, ಮೊಟ್ಟೆಯಲ್ಲ. ಕಲ್ಲು ಅಗೆಯುವುದರಲ್ಲಿ ಪೃಥ್ವೀಕಾಯದ ಹಿಂಸೆ, ಗೂಡು ಉರಿಸುವುದರಲ್ಲಿ ಅಗ್ನಿಯ ಹಿಂಸೆ ಇಲ್ಲದಿಲ್ಲ. ಆದರೂ ಏಕೇಂದ್ರಿಯದ ಆರಂಭಕ್ಕೂ ಪಂಚೇಂದ್ರಿಯದ ಉದ್ದಿಮೆಗೂ ಇರುವ ಅಂತರವನ್ನು ಜೈನಶಾಸ್ತ್ರ ಎಂದೂ ಅಳಿಸಿಲ್ಲ.

ಮೂರನೆಯ ದಾರಿಯೊಂದು ಅಡುಗೆಮನೆಯಲ್ಲಿಯೇ ಇದೆ. ಎಣ್ಣೆಜಿಡ್ಡು ಹಿಡಿದ ಪಾತ್ರೆಯನ್ನು ಒಲೆಯ ಬೂದಿಯಿಂದ ತಿಕ್ಕಿದ ಕಾಲವನ್ನು ಹಿರಿಯ ಹೆಣ್ಣುಮಕ್ಕಳು ಬಲ್ಲರು. ಬೂದಿ ಜಿಡ್ಡನ್ನು ಬಿಡಿಸುವುದು ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿನ ಬಲದಿಂದ. ಆ ಕ್ಷಾರವೇ ಎಣ್ಣೆಯನ್ನು ಬಯೋಡೀಸೆಲ್ ಮಾಡುವ ಕ್ರಿಯೆಗೂ ವೇಗವರ್ಧಕವಾಗಬಲ್ಲದು. ಅಸ್ಸಾಮಿನಲ್ಲಿ ಬಾಳೆಯ ಬೂದಿಯಿಂದ ಇಳಿಸಿದ ಕ್ಷಾರಜಲವನ್ನು ಅಡುಗೆಗೆ ಬಳಸುವುದು ಹಳೆಯ ರೂಢಿ. ಅಲ್ಲಿಯ ಸಂಶೋಧಕರು 2011ರಲ್ಲಿ ಬಾಳೆಯ ಕಾಂಡದ ಬೂದಿಯನ್ನೇ ವೇಗವರ್ಧಕವಾಗಿಸಿ, ಕಾಡು ಕಣಗಿಲೆಯ ಬೀಜದ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸಿದುದನ್ನು ಪ್ರಕಟಿಸಿದರು. ಬಾಳೆಹಣ್ಣಿನ ಸಿಪ್ಪೆ, ತೆಂಗಿನ ಸಿಪ್ಪೆ, ಕೋಕೋ ಕಾಯಿಯ ಸಿಪ್ಪೆಗಳ ಬೂದಿಯೂ ಇದೇ ಕೆಲಸಕ್ಕೆ ಒದಗಿದೆ. ಉತ್ಸವದ ಬಳಿಕ ಬಾಡಿ ಬೀಳುವ ಬಾಳೆಕಂಬ, ನೈವೇದ್ಯದ ಬಾಳೆಹಣ್ಣಿನ ಸಿಪ್ಪೆ ಇವು ಬಸದಿಗಳಿಗೆ ಹೊಸ ವಸ್ತುಗಳಲ್ಲ. ಇಟ್ಟಿಗಿಯ ಸೀಮೆಯ ಸೂರ್ಯಕಾಂತಿಯ ದಂಟೂ ಪೊಟ್ಯಾಷ್ ಹೇರಳವಾಗಿರುವ ಬೂದಿಯನ್ನು ಕೊಡುವಂಥದೇ.

ಬೂದಿಯ ದಾರಿಯೂ ಪೂರ್ಣ ನಿರ್ದೋಷವಲ್ಲ. ಹೊಲದ ಅಂಚಿನಲ್ಲಿ ತಿಂಗಳುಗಟ್ಟಲೆ ಒಟ್ಟಿದ ದಂಟಿನ ಬಣವೆಯಲ್ಲಿ ಹುಳು, ಇರುವೆ, ಹಲ್ಲಿಗಳು ಮನೆಮಾಡಿರುತ್ತವೆ. ನೋಡದೆ ಬೆಂಕಿಯಿಟ್ಟರೆ ಮೊಟ್ಟೆಯ ಚಿಪ್ಪನ್ನು ಬಿಟ್ಟು ಗಳಿಸಿದ ಪುಣ್ಯ ಅಲ್ಲಿಯೇ ಕರಗುತ್ತದೆ. ಕೊಡವಿ, ಪರೀಕ್ಷಿಸಿ, ಒಣಗಿದ ಕೂಡಲೆ ಬಳಸಬೇಕು. ಬೂದಿಯ ಪೊಟ್ಯಾಸಿಯಂ ಇಂಧನದಲ್ಲಿ ಸ್ವಲ್ಪಮಟ್ಟಿಗೆ ಕರಗುವುದರಿಂದ ಸುಣ್ಣದಷ್ಟು ಸಲ ಮರಳಿ ಬಾರದಿರಬಹುದು, ತೊಳೆಯುವ ನೀರೂ ತುಸು ಹೆಚ್ಚು ಬೇಕಾಗಬಹುದು. ಬಹಳ ಕೆಟ್ಟ ಎಣ್ಣೆಯಾದರೆ ಅದರ ಆಮ್ಲವು ಯಾವ ಕ್ಷಾರವನ್ನಾದರೂ ಸಾಬೂನಾಗಿಸಿ ಕೆಲಸ ಕೆಡಿಸುತ್ತದೆ. ಆದುದರಿಂದ ಆಮ್ಲದ ಪ್ರಮಾಣವನ್ನು ಮೊದಲೇ ಅಳೆಯಬೇಕು. ಮೆಥನಾಲಂತೂ ಹೊಟ್ಟೆಗೆ ಹೋದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷ. ಅದರ ಆವಿ ಕಿಡಿ ತಗುಲಿದರೆ ಹೊತ್ತುವುದು. ಮನೆಯ ಹಿತ್ತಲಲ್ಲಿ, ಬಸದಿಯ ಪಾಕಶಾಲೆಯಲ್ಲಿ ಮಾಡುವ ಕೆಲಸ ಇದಲ್ಲ. ತಿಳಿದವರ ಕೈಯಲ್ಲಿ, ಪರವಾನಗಿಯುಳ್ಳ ಘಟಕದಲ್ಲಿ ನಡೆಯಬೇಕಾದುದು.

ಶ್ರಾವಕನು ಇಂಥ ಘಟಕವನ್ನು ವೃತ್ತಿಯಾಗಿ ನಡೆಸಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಉಪಾಸಕದಶಾಂಗವೂ, ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವೂ ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳನ್ನು ಪಟ್ಟಿಮಾಡುತ್ತವೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರೂ ಸಾಗಾರಧರ್ಮಾಮೃತದಲ್ಲಿ ಇವನ್ನು ಚರ್ಚಿಸುತ್ತಾರೆ. ಬೆಂಕಿಯಿಂದ ನಡೆಯುವ ಅಂಗಾರಕರ್ಮ, ಗಾಣ ಮೊದಲಾದವುಗಳಿಂದ ಅರೆಯುವ ಯಂತ್ರಪೀಡನ, ವಿಷದ ವ್ಯಾಪಾರ ಇವೆಲ್ಲ ಆ ಪಟ್ಟಿಯಲ್ಲಿವೆ. ಅರೆದು, ಕರಿದು, ಮುಗಿದ ಎಣ್ಣೆಯನ್ನು ಬಳಸುವವನಿಗೆ ಯಂತ್ರಪೀಡನದ ಭಾರ ಹಗುರ. ಶಾಖದ ಮತ್ತು ಮೆಥನಾಲಿನ ಭಾರ ಉಳಿದೇ ಉಳಿಯುತ್ತದೆ. ಇಂಥಲ್ಲಿ ಕಣ್ಣುಮುಚ್ಚಿ ನಿಷೇಧಿಸುವುದಕ್ಕಿಂತಲೂ ಕಣ್ಣುಮುಚ್ಚಿ ಕೊಂಡಾಡುವುದಕ್ಕಿಂತಲೂ ಹೋಲಿಕೆಯ ವಿವೇಕವೇ ಲೇಸು. ನೆಲದಾಳದ ತೈಲವನ್ನು ಅಗೆದು, ಶುದ್ಧಿಮಾಡಿ, ಸಮುದ್ರ ದಾಟಿಸಿ ತಂದು ಉರಿಸುವುದರೊಡನೆ ತೂಗಿ ನೋಡಿದಾಗ, ಊರಿನ ಕೆಟ್ಟ ಎಣ್ಣೆಯನ್ನು ಊರ ಸಮೀಪದಲ್ಲಿಯೇ ಇಂಧನವಾಗಿಸುವುದು ಅಲ್ಪಾರಂಭವೆಂದು ಕಾಣುತ್ತದೆ.

ಆದರೆ ಈ ಸಮಾಧಾನದಲ್ಲಿಯೇ ಒಂದು ಅಪಾಯ ಅಡಗಿದೆ. ಉಳಿದ ಎಣ್ಣೆಗೆ ಸದ್ಗತಿಯಿದೆಯೆಂದು ತಿಳಿದವನು ಧಾರಾಳವಾಗಿ ಕರಿಯತೊಡಗಬಹುದು. ಚಿಪ್ಪಿನ ವಿಷಯದಲ್ಲಿ ಹೇಳಿದ ಬೆಲೆಯ ಮಾತು ಎಣ್ಣೆಗೂ ಸಲ್ಲುತ್ತದೆ. ಬಳಸಿದ ಎಣ್ಣೆಗೆ ಯುರೋಪಿನಲ್ಲಿ ಒಳ್ಳೆಯ ಬೆಲೆ ಬಂದಾಗ, ಹೊಸ ತಾಳೆ ಎಣ್ಣೆಯನ್ನೇ ಹಳೆಯದೆಂದು ಹೇಳಿ ಮಾರುತ್ತಿದ್ದಾರೆಂಬ ಶಂಕೆ ಎದ್ದುದುಂಟು. ಲೆಕ್ಕವನ್ನೂ ಒಮ್ಮೆ ನೋಡಬೇಕು. ಭಾರತ ವರ್ಷಕ್ಕೆ ಉರಿಸುವ ಡೀಸೆಲ್ ಸುಮಾರು 9 ಕೋಟಿ ಟನ್. ತಿನ್ನುವ ಎಣ್ಣೆ ಸುಮಾರು 2.5 ಕೋಟಿ ಟನ್. ಇಡೀ ದೇಶ ಒಂದು ತೊಟ್ಟೂ ತಿನ್ನದೆ ಎಲ್ಲ ಎಣ್ಣೆಯನ್ನೂ ಇಂಧನವಾಗಿಸಿದರೂ ಡೀಸೆಲ್ಲಿನ ಮೂರನೆಯ ಒಂದು ಪಾಲೂ ತುಂಬದು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಇಟ್ಟುಕೊಂಡ ಗುರಿಯೇ ನೂರಕ್ಕೆ ಐದರಷ್ಟು ಬಯೋಡೀಸೆಲ್ ಬೆರಕೆ. ಬಯೋಡೀಸೆಲ್ ಉಳಿದುದಕ್ಕೆ ದಾರಿ, ಉಳಿಸಲು ನೆಪವಲ್ಲ. ಮೊದಲ ವ್ರತ ಕಡಿಮೆ ಕರಿಯುವುದೇ.

ಬಸದಿಗಳ ವ್ಯವಸ್ಥಾಪಕ ಮಂಡಳಿಗಳು ಇದರಲ್ಲಿ ಮೇಲ್ಪಂಕ್ತಿ ಹಾಕಬಲ್ಲವು. ಉತ್ಸವದ ಅಡುಗೆಯಲ್ಲಿ ಕರಿದ ಪದಾರ್ಥಗಳನ್ನು ಎರಡರಿಂದ ಒಂದಕ್ಕೆ ಇಳಿಸಬಹುದು. ಉಳಿದ ಎಣ್ಣೆಯನ್ನು ಯಾರಿಗೂ ಆಹಾರಕ್ಕೆಂದು ಕೊಡುವುದಿಲ್ಲವೆಂದು ನಿರ್ಣಯ ಬರೆಯಬಹುದು. ತಣಿದ ಎಣ್ಣೆಯನ್ನು ಸೋಸಿ, ಇರುವೆ ನೊಣಗಳು ಬೀಳದಂತೆ ಮುಚ್ಚಳ ಬಿಗಿದ ಡಬ್ಬದಲ್ಲಿಟ್ಟು, ನೋಂದಾಯಿತ ಸಂಗ್ರಾಹಕರಿಗೆ ಒಪ್ಪಿಸಿ ರಸೀದಿ ಪಡೆಯಬಹುದು. ಅದನ್ನು ಯಾವ ವೇಗವರ್ಧಕದಿಂದ ಇಂಧನ ಮಾಡುತ್ತಾರೆಂದು ಕೇಳಲೂಬಹುದು. ಕೊಡುವವರೆಲ್ಲ ಕೇಳತೊಡಗಿದರೆ ತಯಾರಕರೂ ಉತ್ತರವನ್ನು ಸಿದ್ಧಮಾಡಿಕೊಳ್ಳುತ್ತಾರೆ. ಒಂದು ಊರಿನ ಡಬ್ಬ ಚಿಕ್ಕದಾದರೆ ನಾಲ್ಕಾರು ಊರುಗಳ ಮಂಡಳಿಗಳು ಕೂಡಿ, ಜಾತ್ರೆಯ ಬಾಣಲೆಗಳವರನ್ನೂ ಜೊತೆಗೆ ಸೇರಿಸಿಕೊಳ್ಳಬಹುದು.

ಈ ಸೀಮೆಗೆ ಎಣ್ಣೆಯ ಲೆಕ್ಕವಿಡುವ ಸಂಪ್ರದಾಯ ಅಪರಿಚಿತವಲ್ಲ. ಹಗರಿಬೊಮ್ಮನಹಳ್ಳಿಯ ಬಳಿಯ ಕೋಗಳಿ ಒಂದು ಕಾಲಕ್ಕೆ ಕೋಗಳಿ ಐನೂರು ಎಂಬ ನಾಡಿನ ಮುಖ್ಯಪಟ್ಟಣ. ಅಲ್ಲಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು ಹನ್ನೊಂದನೆಯ ಶತಮಾನದ ಶಾಸನ ಹೇಳುತ್ತದೆ. ಕನ್ನಡ ನಾಡಿನ ಎಷ್ಟೋ ದಾನಶಾಸನಗಳಲ್ಲಿ ಗಾಣಕ್ಕೆ ಇಷ್ಟು ಸೊಂಟಿಗೆ ಎಣ್ಣೆ ದೇವರ ಸೊಡರಿಗೆ ಸಲ್ಲಬೇಕೆಂದು ಅಳತೆ ಸಹಿತ ಕಲ್ಲಿನಲ್ಲಿ ಕೊರೆಸಿದ್ದಾರೆ. ದೀಪಕ್ಕೆ ಬಂದ ಎಣ್ಣೆಯನ್ನು ಅಷ್ಟು ಎಚ್ಚರದಿಂದ ಅಳೆದವರ ಪೀಳಿಗೆ, ಪಾಕಶಾಲೆಯಿಂದ ಹೊರಟ ಎಣ್ಣೆಯನ್ನೂ ಅಳೆದು ವಹಿಯಲ್ಲಿ ಒಂದು ಸಾಲು ಬರೆದಿಡುವುದು ಹೊರೆಯಾಗಲಾರದು. ಎಷ್ಟು ತಂದೆವು, ಎಷ್ಟು ಉಳಿಯಿತು, ಯಾರ ಕೈಗೆ ಹೋಯಿತು ಎಂಬ ಮೂರು ಅಂಕಣಗಳು ಸಾಕು. ವರ್ಷದಿಂದ ವರ್ಷಕ್ಕೆ ಎರಡನೆಯ ಅಂಕಣದ ಸಂಖ್ಯೆ ಕಿರಿದಾಗುತ್ತ ಬಂದರೆ, ಆ ಮಂಡಳಿಯ ಅಹಿಂಸಾವ್ರತ ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಬಹುದು.